ಆರು ವಾರ ಒಂದು ನಾಯಿಗೆ ನಿಮ್ಮ ಜಗಲಿ ಕೊಡಿ: ಶಿವಮೊಗ್ಗದ ಪಾಲಿಕೆಗೂ ಮನೆಮನೆಗೂ ಒಂದು ಬಹಿರಂಗ ಪತ್ರ

ಮಾನ್ಯ ಮಹಾನಗರ ಪಾಲಿಕೆ ಆಯುಕ್ತರಿಗೆ, ಹಾಗೂ ನಮ್ಮೂರಿನ ಎಲ್ಲ ಅಕ್ಕ-ಅಣ್ಣಂದಿರಿಗೆ,

ನಮಸ್ಕಾರ.

ಭಾದ್ರಪದ ಬಂತೆಂದರೆ ನಮ್ಮ ಬೀದಿಗಳಲ್ಲಿ ನಾಯಿಗಳ ಹಿಂಡು ಶುರುವಾಗುತ್ತದೆ. ರಾತ್ರಿಯಿಡೀ ಜಗಳ, ಕೂಗಾಟ. ಅಲ್ಲಿಂದ ಲೆಕ್ಕ ಹಾಕಿ. ನಾಯಿಯ ಗಬ್ಬದ ಅವಧಿ ಸುಮಾರು 63 ದಿನ. ಕಾರ್ತಿಕದ ಚಳಿ ಬೀಳುವ ಹೊತ್ತಿಗೆ ಮೋರಿಯ ಕೆಳಗೆ, ಕಟ್ಟುತ್ತಿರುವ ಮನೆಯ ಮರಳು ರಾಶಿಯ ಮೇಲೆ, ಕೆಟ್ಟು ನಿಂತ ಲಾರಿಯ ಅಡಿಯಲ್ಲಿ ಮರಿಗಳು. ಇನ್ನೊಂದು ತಿಂಗಳು ಕಳೆದರೆ ದಿಕ್ಕಿಲ್ಲದ ನಾಯಿಗಳನ್ನು ಇಟ್ಟು ನೋಡಿಕೊಳ್ಳುವ ಶೆಲ್ಟರ್ ಗೇಟಿನ ಮುಂದೆ ರಟ್ಟಿನ ಪೆಟ್ಟಿಗೆಗಳು. ತೆರೆದು ನೋಡಿದರೆ ಹೆಚ್ಚಿನವು ಹೆಣ್ಣು ಮರಿಗಳೇ. ಗಂಡು ಮರಿಗಳನ್ನು ಯಾರೋ ಆಗಲೇ ಆರಿಸಿಕೊಂಡು ಹೋಗಿರುತ್ತಾರೆ.

ವರ್ಷ ವರ್ಷವೂ ಇದೇ. ಯಾವ ತಿಂಗಳು ಬರುತ್ತದೆ ಅಂತ ಎಲ್ಲರಿಗೂ ಗೊತ್ತಿರುವ ಕಷ್ಟ ಇದು. ಆದರೂ ಪ್ರತಿ ಸಲ ಮರಿಗಳು ಬಂದ ಮೇಲೇ ಜಾಗ ಹುಡುಕಲು ಓಡಾಡುತ್ತೇವೆ.

ನಾನು ನಮ್ಮೂರಿನ ಶೆಲ್ಟರ್ ಒಂದರಲ್ಲಿ ಬಿಡುವಿದ್ದಾಗಲೆಲ್ಲ ಕೆಲಸ ಮಾಡುವವಳು. ಮರಿಗಳನ್ನು, ಗಾಯವಾದ ನಾಯಿಗಳನ್ನು ಮನೆಗೆ ತಂದು ಕೆಲವು ವಾರ ಇಟ್ಟುಕೊಂಡು, ಚೇತರಿಸಿಕೊಂಡ ಮೇಲೆ ಒಳ್ಳೆ ಮನೆ ನೋಡಿ ಕಳಿಸುತ್ತೇನೆ. ಫಾಸ್ಟರ್ ಮಾಡೋದು ಅಂತ ಇದಕ್ಕೇ ಹೇಳುವುದು. ನಾನು ಕೇಳುತ್ತಿರುವುದು ಒಂದೇ. ಹೀಗೆ ತಾತ್ಕಾಲಿಕವಾಗಿ ನಾಯಿ ಇಟ್ಟುಕೊಳ್ಳಲು ತಯಾರಿರುವ ಮನೆಗಳ ಪಟ್ಟಿ ಶಿವಮೊಗ್ಗದಲ್ಲಿ ಆಗಬೇಕು. ಪಟ್ಟಿ ಮಾಡುವ ಕೆಲಸ ಪಾಲಿಕೆಯದು. ಹೆಸರು ಬರೆಸುವ ಕೆಲಸ ನಮ್ಮನಿಮ್ಮದು.

ಆಯುಕ್ತರೇ, ಈಗಲೇ ಬರೆಯುವುದಕ್ಕೆ ಕಾರಣ ಇದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಯನ್ನು ಹಿಡಿದು, ಸಂತಾನಹರಣ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಅದು ಸ್ಥಳೀಯ ಸಂಸ್ಥೆಗಳ ಹೊಣೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಇದೇ ಕ್ರಮವನ್ನು ಹೇಳಿತು. ರೇಬೀಸ್ ಇರುವ, ಇದೆಯೆಂದು ಅನುಮಾನ ಬಂದ, ಜನರ ಮೇಲೆ ಎರಗುವ ನಾಯಿಗಳನ್ನು ಮಾತ್ರ ಹೊರಗಿಟ್ಟಿತು. ದತ್ತು ತೆಗೆದುಕೊಳ್ಳಲು ಮನಸ್ಸಿರುವವರು ಪಾಲಿಕೆಗೆ ಅರ್ಜಿ ಹಾಕಬಹುದು, ಹಾಗೆ ತೆಗೆದುಕೊಂಡ ನಾಯಿ ಮತ್ತೆ ಬೀದಿಗೆ ಬೀಳಬಾರದು ಅಂತಲೂ ಆ ಆದೇಶದಲ್ಲಿದೆ. ಅದೇ ವರ್ಷ ನವೆಂಬರ್ 7ಕ್ಕೆ ಇನ್ನೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ ಇಂಥ ಕಡೆ ಇರುವ ನಾಯಿಗಳನ್ನು ಹಿಡಿದು ಶೆಲ್ಟರಿಗೆ ಸೇರಿಸಬೇಕು, ಆಪರೇಷನ್ ಮತ್ತು ಲಸಿಕೆ ಆದ ಮೇಲೂ ಅದೇ ಜಾಗಕ್ಕೆ ಬಿಡಬಾರದು ಅಂತ.

ಇದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. ಬಸ್ ನಿಲ್ದಾಣದ ನಾಯಿ ಸಾಮಾನ್ಯವಾಗಿ ಸಾಧು. ಕಂಡಕ್ಟರುಗಳು ಹಾಕಿದ ಬನ್ನು ತಿಂದು, ಸಾವಿರ ಜನರ ಕಾಲುಗಳ ನಡುವೆ ಮಲಗಿ ಬೆಳೆದದ್ದು. ಅದು ಶೆಲ್ಟರಿಗೆ ಬಂದರೆ ಹೊರಗೆ ಹೋಗುವ ದಾರಿ ದತ್ತು ಒಂದೇ. ಇಲ್ಲದಿದ್ದರೆ ಸಾಯುವ ತನಕ ಅದು ಅಲ್ಲೇ. ನಾಯಿ ಹತ್ತು-ಹನ್ನೆರಡು ವರ್ಷ ಬದುಕುವ ಪ್ರಾಣಿ. ಬರುವ ಬಾಗಿಲು ತೆರೆದಿದ್ದು ಹೋಗುವ ಬಾಗಿಲು ಮುಚ್ಚಿದ್ದರೆ ಎಷ್ಟು ದೊಡ್ಡ ಶೆಲ್ಟರ್ ಕಟ್ಟಿದರೂ ಸಾಲುವುದಿಲ್ಲ, ಅಲ್ವಾ?

ಶೆಲ್ಟರ್ ನಡೆಸುವವರ ಮೇಲೆ ನನಗೆ ಯಾವ ದೂರೂ ಇಲ್ಲ. ಬೆಳಗ್ಗೆ ಆರಕ್ಕೆ ಬಂದು ಗೂಡು ತೊಳೆಯುವ ಹುಡುಗರ ಕೈ ನೋಡಿದ್ದೇನೆ. ಬ್ಲೀಚಿಂಗ್ ನೀರಿಗೆ ಬೆರಳ ಸಂದಿಯೆಲ್ಲ ಒಡೆದಿರುತ್ತದೆ. ಆದರೆ ನಮ್ಮ ಮಳೆಗಾಲ ಎಂಥದ್ದು ಅಂತ ನಿಮಗೂ ಗೊತ್ತು. ಆಷಾಢದಲ್ಲಿ ಸಿಮೆಂಟಿನ ನೆಲ ಒಣಗುವುದೇ ಇಲ್ಲ. ಹಾಸಿದ ಗೋಣಿಚೀಲ ಸಂಜೆಯೊಳಗೆ ಒದ್ದೆ. ನಾಯಿಗಳ ಕಾಲ್ಬೆರಳ ಸಂದಿ ಕೆಂಪಾಗಿ, ನೆಕ್ಕಿ ನೆಕ್ಕಿ ಹುಣ್ಣಾಗುತ್ತದೆ. ಒಂದು ಬೊಗಳಿದರೆ ಎಲ್ಲವೂ ಬೊಗಳುತ್ತವೆ. ಅಂಜುವ ನಾಯಿ ಗೋಡೆಗೆ ಮುಖ ಮಾಡಿ ಕೂತುಬಿಡುತ್ತದೆ. ದತ್ತು ತೆಗೆದುಕೊಳ್ಳೋಣ ಅಂತ ಬಂದವರು ಅದರ ಬೆನ್ನು ಮಾತ್ರ ನೋಡಿ ಮುಂದಿನ ಗೂಡಿಗೆ ಹೋಗುತ್ತಾರೆ.

ಅದೇ ನಾಯಿಯನ್ನು ಮನೆಗೆ ತನ್ನಿ. ಮೊದಲ ಎರಡು ಮೂರು ದಿನ ಹೊರಸಿನ ಕೆಳಗಿಂದ ಹೊರಗೇ ಬರುವುದಿಲ್ಲ. ಮಿಕ್ಸಿ ಹಾಕಿದರೆ ನಡುಗುತ್ತದೆ, ಕುಕ್ಕರ್ ಕೂಗಿದರೆ ಉಚ್ಚೆ ಹೊಯ್ಯುತ್ತದೆ. ಮೆಟ್ಟಿಲು ಹತ್ತಲು ಬರುವುದಿಲ್ಲ, ಒಂದು ಕಾಲಿಟ್ಟು ನಿಂತು ನಮ್ಮನ್ನೇ ನೋಡುತ್ತದೆ. ಆಗ ಎಳೆದಾಡಬಾರದು, ತಬ್ಬಿಕೊಳ್ಳಲು ಹೋಗಬಾರದು. ಒಂದೇ ಜಾಗದಲ್ಲಿ ಊಟ, ಒಂದೇ ಹೊತ್ತಿಗೆ ಹೊರಗೆ, ಉಳಿದಂತೆ ಅದರ ಪಾಡಿಗೆ ಬಿಡಬೇಕು. ಎರಡು ಮೂರು ವಾರ ಕಳೆಯುವುದರೊಳಗೆ ಅದಕ್ಕೆ ಮನೆಯ ಸದ್ದೆಲ್ಲ ಗುರುತಾಗುತ್ತದೆ. ಹಾಲಿನವನ ಸೈಕಲ್ ಬೇರೆ, ಪೋಸ್ಟ್‌ಮ್ಯಾನ್ ಬೈಕ್ ಬೇರೆ ಅಂತ ತಿಳಿಯುತ್ತದೆ. ಆಗ ಒಂದು ಫೋಟೊ ತೆಗೆದು ಹಾಕಿದರೆ ಕೇಳುವವರು ಬರುತ್ತಾರೆ. ಬಂದವರಿಗೂ ಖಚಿತವಾಗಿ ಹೇಳಬಹುದು: ಮಕ್ಕಳನ್ನು ಕಂಡರೆ ಹೇಗಿರುತ್ತದೆ, ಬೆಕ್ಕಿನ ಜೊತೆ ಹೊಂದಿಕೊಳ್ಳುತ್ತದೋ ಇಲ್ಲವೋ, ಒಂಟಿಯಾಗಿ ಬಿಟ್ಟರೆ ಅಳುತ್ತದೋ. ಈ ಮಾಹಿತಿ ಶೆಲ್ಟರಿನ ಗೂಡಿನಲ್ಲಿ ಸಿಗುವುದೇ ಇಲ್ಲ. ದತ್ತು ಹೋದ ನಾಯಿ ವಾಪಸ್ ಬರುವುದು ಹೆಚ್ಚಾಗಿ ಇದು ಗೊತ್ತಿಲ್ಲದೆ ಕೊಟ್ಟಾಗ.

ಇನ್ನು ಮರಿಗಳ ವಿಷಯ. ಇವುಗಳಿಗಂತೂ ಮನೆಯೇ ಬೇಕು. ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ಎಲ್ಲ ಕಡೆಯಿಂದ ನಾಯಿಗಳು ಬಂದು ಹೋಗುವ ಜಾಗದಲ್ಲಿ ಲಸಿಕೆ ಆಗದ ಮರಿ ಇಟ್ಟರೆ ವಾಂತಿ, ರಕ್ತ ಬೇಧಿ ಶುರುವಾಗಿ ಎರಡು ಮೂರು ದಿನದಲ್ಲೇ ಹೋಗಿಬಿಡಬಹುದು. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವ ತನಕ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಈ ಅಪಾಯದ ವಾರಗಳನ್ನು ಬೇರೆ ನಾಯಿಗಳ ಸಂಪರ್ಕ ಇಲ್ಲದ ಒಂದು ಮನೆಯಲ್ಲಿ ಕಳೆದರೆ ಮರಿ ಬದುಕುತ್ತದೆ. ಹಾಗೆಯೇ, ನಿಮ್ಮ ಮನೆಯಲ್ಲಿ ಇತ್ತೀಚೆಗೆ ಪಾರ್ವೋ ಬಂದು ಮರಿ ಸತ್ತಿದ್ದರೆ ದಯವಿಟ್ಟು ಮೊದಲೇ ಹೇಳಿ. ಅಂಥ ಮನೆಗೆ ಲಸಿಕೆ ಪೂರ್ತಿ ಆದ ದೊಡ್ಡ ನಾಯಿಯನ್ನು ಕೊಡಬಹುದು, ಮರಿ ಕೊಡಬಾರದು.

ತಾಯಿ ಇಲ್ಲದ ಎಳೆ ಮರಿ ಸಾಕುವುದು ಬೇರೆಯದೇ ಕೆಲಸ. ಎಲ್ಲರಿಗೂ ಆಗುವುದಿಲ್ಲ, ಆಗದಿದ್ದರೆ ತಪ್ಪೇನೂ ಇಲ್ಲ. ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ಬಿಡುತ್ತವೆ. ಅದಕ್ಕೂ ಮುಂಚೆ ಬಂದವಕ್ಕೆ ಎರಡು ಮೂರು ಗಂಟೆಗೊಮ್ಮೆ ಹಾಲು, ರಾತ್ರಿಯೂ. ಹಸುವಿನ ಹಾಲು ಹೊಟ್ಟೆ ಕೆಡಿಸುತ್ತದೆ, ನಾಯಿಮರಿಗಳಿಗೆಂದೇ ಬರುವ ಹಾಲಿನ ಪುಡಿ ತರಬೇಕು. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಯ ಮೇಲೆ ಮಲಗಿಸಿ, ತಲೆ ಸ್ವಲ್ಪ ಎತ್ತಿ ಹಿಡಿಯಬೇಕು. ಕುಡಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕುವ ಕೆಲಸ ಅದು, ಅದಿಲ್ಲದೆ ಎಳೆ ಮರಿಗೆ ಉಚ್ಚೆಯೂ ಬರುವುದಿಲ್ಲ. ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಇಡಿ, ಸೆಕೆಯಾದರೆ ಮರಿಗೆ ಸರಿಯಲು ಜಾಗ ಬೇಕು. ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಏರುತ್ತಿದ್ದರೆ ಧೈರ್ಯ. ಒಂದು ದಿನ ಏರದೆ ನಿಂತರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು, ನಾಳೆ ನೋಡೋಣ ಅನ್ನುವಂತಿಲ್ಲ.

ನಾಲ್ಕು ವಾರ ದಾಟಿದ ಮರಿ, ಆಪರೇಷನ್ ಆಗಿ ಹೊಲಿಗೆ ಮಾಯಬೇಕಾದ ನಾಯಿ, ವಯಸ್ಸಾದ ನಾಯಿ — ಇವು ಸುಲಭ. ಅನ್ನಕ್ಕೆ ಸ್ವಲ್ಪ ಕೋಳಿ ಇಲ್ಲವೇ ಮೊಟ್ಟೆ, ಬೇಯಿಸಿದ ಕುಂಬಳಕಾಯಿ, ಉಪ್ಪು-ಖಾರ-ಈರುಳ್ಳಿ ಇಲ್ಲದೆ. ಬೆಂದ ಮೂಳೆ ಬೇಡ, ಅದು ಸೀಳಿ ಕರುಳಿಗೆ ಚುಚ್ಚುತ್ತದೆ. ಕಾಂಪೌಂಡ್ ಇರುವ ಮನೆ, ಹಗಲು ಒಬ್ಬರಾದರೂ ಇರುವ ಮನೆ ಸಾಕು. ವಿನೋಬನಗರ, ಗೋಪಾಳದ ಕಡೆ ಮಕ್ಕಳು ಬೆಂಗಳೂರು ಸೇರಿ ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ಎಷ್ಟು ಹಿರಿಯರಿಲ್ಲ? ಹತ್ತು ವರ್ಷದ ಜವಾಬ್ದಾರಿ ಈ ವಯಸ್ಸಲ್ಲಿ ಬೇಡ ಅನ್ನುವವರಿಗೆ ಆರು ವಾರದ ಜವಾಬ್ದಾರಿ ಹೇಳಿ ಮಾಡಿಸಿದ ಹಾಗಿರುತ್ತದೆ. ಬಾಡಿಗೆ ಮನೆಯವರು ಮಾತ್ರ ಮಾಲೀಕರನ್ನು ಮೊದಲು ಕೇಳಿ. ಅರ್ಧಕ್ಕೆ ನಾಯಿ ವಾಪಸ್ ತರುವ ಪರಿಸ್ಥಿತಿ ಬಂದರೆ ಅದಕ್ಕೆ ಮತ್ತೆ ಗೂಡೇ ಗತಿ.

ಜನ ನನ್ನನ್ನು ಜಾಸ್ತಿ ಕೇಳುವುದು ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯ, ಅಂದರೆ ಉಣುಗಿನ ಬಗ್ಗೆ. ಮಲೆನಾಡಿನಲ್ಲಿ ಉಣುಗು ಅಂದರೆ ಹೆದರುವುದು ಸಹಜವೇ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು. ಪೇಟೆಯ ನಾಯಿಗಳ ಮೈಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣ್ಣೆ ಬೇರೆ ಜಾತಿಯದು. ಹಾಗಂತ ಅಸಡ್ಡೆ ಮಾಡಬೇಡಿ. ಕಾಡಂಚಿನಲ್ಲಿ ಅಲೆದು ಬಂದ ನಾಯಿ ಕಾಡಿನ ಉಣುಗನ್ನೂ ಹೊತ್ತು ತರಬಹುದು. ಊರಿನ ಉಣ್ಣೆಯಿಂದ ನಾಯಿಗೇ ಜ್ವರ ಬರುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಊಟ ಬಿಡುತ್ತದೆ. ಡಾಕ್ಟರು ಕೊಡುವ ಮಾತ್ರೆ ಅಥವಾ ಕುತ್ತಿಗೆಗೆ ಹಾಕುವ ಔಷಧಿ ತಪ್ಪಿಸಬೇಡಿ. ದಿನಾ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ನೋಡಿ, ಚಿಮಟದಿಂದ ಕಿತ್ತು ತೆಗೆಯಿರಿ, ಕೈಯಲ್ಲಿ ಹಿಸುಕಬೇಡಿ. ಕೊಟ್ಟಿಗೆಯಲ್ಲಿ ದನಕ್ಕೆ ಅಂತ ತಂದಿಟ್ಟ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹಚ್ಚುವುದು ಬೇಡವೇ ಬೇಡ. ಮಳೆಗಾಲದಲ್ಲಿ ತೋಟ ಸುತ್ತಿ ಬಂದ ನಾಯಿ ಸೀನುತ್ತಾ ಮೂಗಲ್ಲಿ ರಕ್ತ ಸುರಿಸಿದರೆ ಒಳಗೆ ಇಂಬಳ (ಜಿಗಣೆ) ಹೊಕ್ಕಿದೆಯೋ ಅಂತ ಡಾಕ್ಟರಿಗೆ ತೋರಿಸಿ.

ತೋಟದ ಮನೆಯವರಿಗೆ ಒಂದು ಮಾತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನೀವು ನಾಯಿ ಕೇಳಿಕೊಂಡು ಬರುತ್ತೀರಿ. ಮಂಗ ಓಡಿಸಲು, ಹಂದಿ ಬಂದರೆ ಬೊಗಳಲು ನಾಯಿ ಬೇಕು, ಒಪ್ಪುತ್ತೇನೆ. ಗಂಡೇ ಬೇಕು ಅನ್ನುತ್ತೀರಿ. ಹೆಣ್ಣು ನಾಯಿಯೂ ಮಂಗವನ್ನು ಅಷ್ಟೇ ದೂರ ಅಟ್ಟುತ್ತದೆ. ಆರು ತಿಂಗಳ ವಯಸ್ಸಿಗೆ ಒಂದು ಆಪರೇಷನ್ ಮಾಡಿಸಿದರೆ ಮರಿಗಳ ಚಿಂತೆ ಮುಗಿಯಿತು. ಆಪರೇಷನ್ ಆಗದ ಗಂಡು ನಾಯಿ ಭಾದ್ರಪದದಲ್ಲಿ ಮೂರು ಊರು ಸುತ್ತಿ, ಕಚ್ಚಾಡಿ, ಕಿವಿ ಹರಿದುಕೊಂಡು ಬರುವುದನ್ನು ನೀವೇ ನೋಡಿದ್ದೀರಿ. ದಯವಿಟ್ಟು ಹೆಣ್ಣು ಮರಿ ತೆಗೆದುಕೊಳ್ಳಿ. ನಾವು ಎರಡು ಷರತ್ತು ಹಾಕುತ್ತೇವೆ, ಕೇಳಲು ಕಟ್ಟುನಿಟ್ಟು ಅನ್ನಿಸಬಹುದು. ಹಗಲೂ ರಾತ್ರಿ ಸರಪಳಿಯಲ್ಲಿ ಕಟ್ಟಬಾರದು. ಕತ್ತಲಾದ ಮೇಲೆ ಬಾಗಿಲಿರುವ ಕೊಟ್ಟಿಗೆಯಲ್ಲೋ ಮನೆಯೊಳಗೋ ಇರಬೇಕು. ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಚಿರತೆಯ ಬಾಯಿಗೆ ಇಟ್ಟ ತುತ್ತು. ಕುರ್ಕ (ಚಿರತೆ) ಹೊತ್ತೊಯ್ದಿತು, ಇನ್ನೊಂದು ಮರಿ ಕೊಡಿ ಅಂತ ಮತ್ತೆ ಬಂದವರಿಗೆ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಜಾತಿ ನಾಯಿ ಕೊಳ್ಳುವವರಿಗೂ ಇಷ್ಟು ಹೇಳಬೇಕು. ದಪ್ಪ ಕೂದಲಿನ ಚಳಿ ದೇಶದ ನಾಯಿಗೆ ನಮ್ಮ ಮಳೆಗಾಲದ ತೇವದಲ್ಲಿ ಚರ್ಮದ ಕಾಯಿಲೆ ಹತ್ತಿದರೆ ಬಿಡುವುದು ಕಷ್ಟ. ವಾಸನೆ ಬರುತ್ತದೆ ಅಂತ ಕೊನೆಗೆ ರಾತ್ರಿ ಹೊತ್ತು ಕಾರಲ್ಲಿ ತಂದು ಹೆದ್ದಾರಿ ಬದಿಗೆ ಇಳಿಸಿ ಹೋಗುತ್ತಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಸಾಕಿದ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬದುಕುವುದು ಗೊತ್ತು. ಸೋಫಾ ಮೇಲೆ ಬೆಳೆದದ್ದಕ್ಕೆ ರಸ್ತೆ ದಾಟುವುದೂ ಗೊತ್ತಿರುವುದಿಲ್ಲ.

ನಾಯಿ ಕಚ್ಚಿದ ಮಗುವಿನ ತಾಯಿ ಈ ಪತ್ರ ಓದಿದರೆ ಅವರಿಗೆ ಸಿಟ್ಟು ಬರಬಹುದು. ಆ ಸಿಟ್ಟು ನ್ಯಾಯವಾದದ್ದು. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ನಮ್ಮ ದೇಶದಲ್ಲೇ ಆಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿ ಕಚ್ಚಿದರೆ, ಪರಚಿದರೂ ಸಹ, 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬಾರದು. ಮಕ್ಕಳ ಭಯ ಕಡಿಮೆಯಾಗಬೇಕು ಅಂದರೆ ಊರಿನ ನಾಯಿಗಳಿಗೆ ಲಸಿಕೆ ಆಗಬೇಕು. ಶೇ 70ರಷ್ಟು ನಾಯಿಗಳಿಗೆ ಲಸಿಕೆ ಆದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎನ್ನುವುದು ಎಲ್ಲ ಕಡೆ ಒಪ್ಪಿದ ಲೆಕ್ಕ. ಜೊತೆಗೆ ಹುಟ್ಟುವ ಮರಿಗಳು ಕಡಿಮೆಯಾಗಬೇಕು. ಆಪರೇಷನ್ ಆಗಿ ಮನೆ ಸೇರಿದ ಒಂದೊಂದು ಹೆಣ್ಣು ಮರಿಯೂ ಬೀದಿಯಲ್ಲಿ ಒಬ್ಬ ತಾಯಿಯನ್ನು ಕಡಿಮೆ ಮಾಡುತ್ತದೆ. ನಾಯಿ ಕಚ್ಚಿದ ಮಕ್ಕಳ ತಾಯಂದಿರೂ ನಾನೂ ಬೇಡುತ್ತಿರುವುದು ಒಂದನ್ನೇ.

ಇನ್ನೊಂದು ದಾರಿಯನ್ನೂ ನಮ್ಮ ಜಿಲ್ಲೆ ನೋಡಿದೆ. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲೂಕಿನ ಹಳ್ಳಿಯೊಂದರಲ್ಲಿ ಬೀದಿ ನಾಯಿಗಳನ್ನು ಕೊಂದು ಹೂತ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಗುಂಡಿ ಅಗೆದು ಕಳೇಬರ ತೆಗೆದರು, ಕೇಸಾಯಿತು, ಬಂಧನವಾಯಿತು. ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಖಾಲಿಯಾದ ಬೀದಿಗೆ ಪಕ್ಕದ ಊರಿನ, ಲಸಿಕೆ ಕಾಣದ ನಾಯಿಗಳು ಬಂದು ಸೇರುತ್ತವೆ. ಆ ಕ್ರೌರ್ಯದಿಂದ ಯಾವ ಮಗುವಿಗೂ ರಕ್ಷಣೆ ಸಿಗುವುದಿಲ್ಲ.

ಆಯುಕ್ತರೇ, ಪಾಲಿಕೆಯಿಂದ ಬೇಕಾಗಿರುವುದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ವಾರ್ಡ್‌ವಾರು ಫಾಸ್ಟರ್ ಮನೆಗಳ ಒಂದು ಪುಸ್ತಕ ಇಡಿಸಿ. ಹೆಸರು ಕೊಟ್ಟ ಮನೆಗೆ ಒಮ್ಮೆ ಯಾರಾದರೂ ಹೋಗಿ ನೋಡಿ ಬರಲಿ. ಕಾಂಪೌಂಡಿನ ಸಂದಿ, ಗೇಟಿನ ಅಡಿ, ತೆರೆದ ಬಾವಿ, ಇಷ್ಟು ನೋಡಿದರೂ ಸಾಕು. ಫಾಸ್ಟರ್‌ನಲ್ಲಿರುವ ನಾಯಿಯ ಲಸಿಕೆ, ಔಷಧಿ, ಆಪರೇಷನ್ ಖರ್ಚು ಮನೆಯವರ ಮೇಲೆ ಬೀಳಬಾರದು. ಊಟ ಅವರು ಹಾಕುತ್ತಾರೆ, ಅದು ಯಾರಿಗೂ ಹೊರೆಯಲ್ಲ. ರಾತ್ರಿ ಹನ್ನೊಂದಕ್ಕೆ ಮರಿ ವಾಂತಿ ಮಾಡಿದರೆ ಯಾರಿಗೆ ಫೋನ್ ಮಾಡುವುದು ಅನ್ನುವ ಭಯವೇ ಎಷ್ಟೋ ಮನೆಗಳನ್ನು ಹಿಂದೆ ಎಳೆಯುತ್ತದೆ. ನಮ್ಮೂರಲ್ಲೇ ಪಶುವೈದ್ಯಕೀಯ ಮಹಾವಿದ್ಯಾಲಯ ಇದೆ. ಎಲ್ಲ ಊರಿಗೂ ಆ ಭಾಗ್ಯ ಇಲ್ಲ. ಅವರ ಜೊತೆ ಮಾತಾಡಿ ಒಂದು ಸಹಾಯವಾಣಿ, ಫಾಸ್ಟರ್ ಮನೆಗಳಿಗೆ ವಾರಕ್ಕೊಂದು ತಪಾಸಣೆ ಏರ್ಪಾಡು ಮಾಡಿಸಿ. ಬಸ್ ನಿಲ್ದಾಣ, ಆಸ್ಪತ್ರೆಗಳಿಂದ ಹಿಡಿದು ತರುವ ನಾಯಿಗಳಲ್ಲಿ ಸಾಧುವಾದವನ್ನು ಬಂದ ದಿನವೇ ಬೇರೆ ಮಾಡಿ ಫೋಟೊ ತೆಗೆಸಿ. ತಿಂಗಳಿಗೊಮ್ಮೆ ಒಂದು ಭಾನುವಾರ ಊರಿನ ಮಧ್ಯೆ ಎಲ್ಲಾದರೂ ದತ್ತು ಮೇಳ ಇಡಿಸಿ. ಅಲ್ಲೇ ಅರ್ಜಿ ಕೊಡಿ, ಆದರೆ ನಾಯಿಯನ್ನು ಅವತ್ತೇ ಕಳಿಸಬೇಡಿ. ಎರಡು ದಿನ ಯೋಚಿಸಿ ಬಂದವರಿಗೇ ಕೊಡಿ. ಕೊಟ್ಟ ಮೇಲೆ ಆರು ತಿಂಗಳಿಗೆ ಆಪರೇಷನ್ ಆಯಿತೋ ಇಲ್ಲವೋ ಅಂತ ಫೋನ್ ಮಾಡಿ ಕೇಳುವವರು ಒಬ್ಬರಿರಲಿ.

ಕೊಟ್ಟು ಕಳಿಸುವಾಗ ಸಂಕಟ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಎರಡು ದಿನ ಮನೆ ಭಣಭಣ ಅನ್ನುತ್ತದೆ, ಅನ್ನ ಹಾಕುವ ತಟ್ಟೆ ನೋಡಿದರೆ ಕಣ್ಣು ತುಂಬುತ್ತದೆ. ಆಮೇಲೆ ಹೊಸ ಮನೆಯಿಂದ ಒಂದು ವಿಡಿಯೊ ಬರುತ್ತದೆ. ಅದರಲ್ಲಿ ನಾಯಿ ನಮ್ಮ ಕಡೆ ತಿರುಗಿಯೂ ನೋಡದೆ ಆ ಮನೆಯ ಹುಡುಗನ ಹಿಂದೆ ಓಡುತ್ತಿರುತ್ತದೆ. ಅಷ್ಟರಲ್ಲಿ ಶೆಲ್ಟರಿನಿಂದ ಇನ್ನೊಂದು ಮರಿಗೆ ಜಾಗ ಇದೆಯಾ ಅಂತ ಫೋನ್ ಬಂದಿರುತ್ತದೆ.

ಓದುತ್ತಿರುವ ನಿಮ್ಮಲ್ಲಿ ಯಾರಿಗಾದರೂ ಆಗಬಹುದು ಅನ್ನಿಸಿದರೆ ಪಟ್ಟಿಗಾಗಿ ಕಾಯಬೇಡಿ. ನಿಮಗೆ ಹತ್ತಿರದ ಶೆಲ್ಟರಿಗೆ ಹೋಗಿ ಒಂದು ಹಾಳೆಯಲ್ಲಿ ಇಷ್ಟು ಬರೆದು ಕೊಡಿ: ಮನೆಗೆ ಕಾಂಪೌಂಡ್ ಇದೆಯೋ ಇಲ್ಲವೋ, ಬೇರೆ ನಾಯಿ-ಬೆಕ್ಕು-ಚಿಕ್ಕ ಮಕ್ಕಳು ಇದ್ದಾರೋ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಯಾವ ತಿಂಗಳು ನಿಮಗೆ ಅನುಕೂಲ. ಅಡಿಕೆ ಸುಗ್ಗಿ ಇದ್ದರೆ ಆ ತಿಂಗಳು ಬೇಡ ಅಂತಲೇ ಬರೆಯಿರಿ. ಮರಿ ಬೇಡ, ದೊಡ್ಡ ನಾಯಿಯಾದರೆ ಆಗಬಹುದು ಅಂದರೆ ಅದನ್ನೂ ಬರೆಯಿರಿ, ನಮಗೆ ಅಂಥ ಮನೆಗಳೇ ಜಾಸ್ತಿ ಬೇಕಾಗಿವೆ.

ಇಂತಿ ನಿಮ್ಮೂರಿನವಳೇ,
ಶೆಲ್ಟರಿನಲ್ಲಿ ಕೆಲಸ ಮಾಡುವ ಒಬ್ಬ ಸ್ವಯಂಸೇವಕಿ
ಶಿವಮೊಗ್ಗ